ಎದುರು ಈಜದ ಮರಿಗಳು

ಚಳಿಗಾಲ ಮುಗಿಯುತ್ತಿದ್ದ ಒಂದು ಸೋಮವಾರ, ಬೆಳಗಿನ ಒಂಬತ್ತು ಗಂಟೆ. ಸಿಗಡಿ ಮರಿ ಸಾಕುವ ಶೆಡ್ಡಿನಲ್ಲಿ ಅಕ್ಕ ಮರಿಗಳಿದ್ದ ಬಿಳಿ ಬೋಗುಣಿಯ ನೀರನ್ನು ಕೈಯಿಂದ ಗಿರ್ರನೆ ತಿರುಗಿಸಿ ಬಿಟ್ಟಳು. ಗಟ್ಟಿ ಮರಿಯಾದರೆ ಸುಳಿಗೆ ಎದುರಾಗಿ ಈಜುತ್ತದೆ. ಇವು ನೀರು ತಿರುಗಿದಂತೆ ತಿರುಗಿ ನಡುವೆ ಗುಡ್ಡೆಯಾದವು.

“ಚಳಿಗೆ ಮಂಕಾಗಿವೆ, ಅಷ್ಟೇ,” ಎಂದ ಶೆಡ್ಡಿನ ಯಜಮಾನ, ಅವಳ ತಮ್ಮ. ಹೋದ ವಾರ ಹಡಗಿನಿಂದ ಎಣ್ಣೆ ಸೋರಿದಾಗ ಮರಿಗಳ ತೊಟ್ಟಿಗೆ ಸಮುದ್ರದ ನೀರು ತರುವ ಪೈಪು ಮುಚ್ಚಲು ಅವನು ಅರ್ಧ ದಿನ ತಡಮಾಡಿದ್ದ. ಈ ಮರಿಗಳು ಮಾರಿಹೋಗದಿದ್ದರೆ ಶೆಡ್ಡು ಮುಚ್ಚಬೇಕು.

“ಅಕ್ಕಾ, ನೀವು ಹೂಂ ಅಂದ್ರೆ ಡ್ರಮ್ಮಿಗೆ ತುಂಬಿಸ್ಕೋತೀನಿ. ಹೆಂಡ್ತಿ ಮಾತು ಮೀರಿದ್ರೂ ನಿಮ್ಮ ಮಾತು ಮೀರಲ್ಲ,” ಎಂದು ನಕ್ಕ, ಕೊಳ್ಳಲು ಬಂದಿದ್ದ ಸಿಗಡಿ ಹೊಂಡದವನು.

ಅಕ್ಕ ಬೋಗುಣಿಯನ್ನು ಮುಂದೆ ಸರಿಸಿ, ತಮ್ಮನ ಮುಖ ನೋಡಿದಳು. ಅವನು ಅಂಗಿಯ ತೋಳು ಮಡಚಿ, ತಾನೇ ಕೈಯಿಳಿಸಿ ನೀರನ್ನು ಉಲ್ಟಾ ತಿರುಗಿಸಿದ. “ಏಳ್ರೋ, ಒಂದಾದ್ರೂ ಎದುರು ಬನ್ರೋ,” ಎಂದ, ಮಕ್ಕಳನ್ನು ಶಾಲೆಗೆ ಎಬ್ಬಿಸುವವನಂತೆ. ಮರಿಗಳು ಆ ಕಡೆಗೂ ಹಾಗೇ ತಿರುಗಿದವು.

“ಬೇಡ ಅಣ್ಣಾ,” ಎಂದ ತಮ್ಮ ಹೊಂಡದವನಿಗೆ, ಕೈ ನೀರಲ್ಲೇ ಇಟ್ಟುಕೊಂಡು. “ಇವು ನಿಮ್ಮ ಹೊಂಡದಲ್ಲಿ ಬದುಕಲ್ಲ. ತಪ್ಪು ನಂದು.”

ಹೊಂಡದವನು ಖಾಲಿ ಡ್ರಮ್ಮುಗಳನ್ನು ಹೇರಿಕೊಂಡು ಆಗಲೇ ಹೋದ. ಅಕ್ಕನೂ ತಮ್ಮನೂ ಗುರುವಾರ ಶೆಡ್ಡಿಗೆ ಬೀಗ ಹಾಕಿ ಒಟ್ಟಿಗೇ ಊರು ಬಿಟ್ಟು ಹೊರಟುಹೋದರು.