ಹೊಸಿಲಾಚೆ

ಕೋರ್ಟು ಅವಳನ್ನು ದಿವಾಳಿಯೆಂದು ಸಾರಿ ಸಾಲದಿಂದ ಬಿಡಿಸಿತು. ಮನೆ ಮಾತ್ರ ಹರಾಜಾಯಿತು. ದೇವರ ದೀಪವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವಳು ತಮ್ಮನ ಹೊಸಿಲಾಚೆಯೇ ನಿಂತಳು.

"ಒಳಗ್ ಬಾರಕ್ಕ. ಇದೇನ್ ಪರರ ಮನೆಯಾ?"

ಅವಳು ತಲೆ ಎತ್ತಲಿಲ್ಲ. "ಅವತ್ತು ನನ್ನ ಮನೆ ಸಾಲಕ್ಕೆ ರುಜು ಹಾಕ್ದೆಯಲ್ಲ..."

"ಸಾಕ್ಷಿ ರುಜು ತಾನೆ? ನೀನ್ ಹೇಳ್ದೆ, ಓದ್ದೇನೆ ಹಾಕ್ದೆ." ತಮ್ಮ ನಗುತ್ತ ಅವಳ ಕೈಹಿಡಿದು ಒಳಗೆ ಕರೆತಂದು, ದೀಪ ಇಸಿದುಕೊಂಡು ತನ್ನ ದೇವರ ಗೂಡಿನಲ್ಲಿಟ್ಟ.

ಅವಳು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಬಳಿ ಜೀಪು ನಿಂತಿತು.

"ಬ್ಯಾಂಕಿನೋರು! ಇಲ್ಲಿಗೂ ನಿನ್ನ ಹುಡುಕ್ಕೊಂಡು ಬಂದವ್ರಲ್ಲ! ನೀನು ಒಳಗಿರಕ್ಕ, ನಾನು ನೋಡ್ಕೋತೀನಿ," ಎಂದು ತಮ್ಮ ಬಾಗಿಲಿಗೆ ಅಡ್ಡ ನಿಂತ.

ಬಂದವರು ಒಳಗೆ ಇಣುಕಲೂ ಇಲ್ಲ. "ಕೆಂಪರಾಜು ಅಂದ್ರೆ ನೀವೇನಾ? ಆ ಸಾಲಕ್ಕೆ ಜಾಮೀನು ನಿಂತೋರು?"