ಬೀರುವಿನಲ್ಲಿದ್ದ ಮಾತ್ರೆಗಳು

ಬೀರುವಿನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಗರ್ಭನಿರೋಧಕ ಮಾತ್ರೆಯ ಶೀಟು ಮತ್ತೆ ಮಾಯವಾಗಿತ್ತು. ಶ್ರೀಜಾ ಸೀರೆಗಳನ್ನೆಲ್ಲ ಕೊಡವಿ ನೋಡಿದಳು. ಇದು ಎರಡನೆಯ ಸಲ.

ತೆಗೆದವರು ಯಾರೆಂದು ಬೇರೆ ಹೇಳಬೇಕೇ? ಅತ್ತೆ ಯದುಗಿರಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಮೊಮ್ಮಗುವಿನ ಜಪ ಶುರು ಮಾಡಿದವರು. ಎರಡು ವರ್ಷ ಮಗು ಬೇಡವೆಂದು ಗಂಡ ರಘುರಾಮನೂ ಒಪ್ಪಿದ್ದ. ಅದನ್ನು ಅಮ್ಮನ ಮುಂದೆ ಹೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ. ಬೇಲೂರಿನಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ಶ್ರೀಜಾ ತಾನು ಪಾಠ ಮಾಡುವ ಹಳೇಬೀಡಿನಲ್ಲೇ ಮಾತ್ರೆ ಕೊಳ್ಳುತ್ತಿದ್ದಳು.

ಅಬ್ಬಾ, ಎಂಥಾ ಹಟದ ಹೆಂಗಸು! ಕೇಳಿದರೆ ಮನೆಯಲ್ಲಿ ರಂಪ, ಕೇಳದಿದ್ದರೆ ಬಸಿರು. ಶ್ರೀಜಾ ಒಂದು ಉಪಾಯ ಹೂಡಿದಳು. ತನ್ನ ಮಾತ್ರೆಯನ್ನು ಶಾಲೆಯ ಚೀಲಕ್ಕೆ ಸಾಗಿಸಿದಳು. ಅತ್ತೆಗೆ ಅನುಮಾನ ಬಾರದಿರಲೆಂದು ಬೀರುವಿನಲ್ಲೂ ಹೊಸ ಶೀಟುಗಳನ್ನಿಟ್ಟಳು. ಎಷ್ಟು ಬೇಕೋ ಅಷ್ಟು ಬಿಸಾಡಿಕೊಳ್ಳಲಿ!

ಧನುರ್ಮಾಸ ನಡೆದಿತ್ತು. ಯದುಗಿರಿ ದಿನವೂ ಬೆಳಗಿನ ಜಾವ ಮಿಂದು, ಮಡಿಯುಟ್ಟು, ದೇವರ ನೈವೇದ್ಯಕ್ಕೆ ಹುಗ್ಗಿ ಮಾಡುತ್ತಿದ್ದರು. ತಿಂಗಳಿಗೆ ಮೂರು ದಿನ ಒಲೆ ಮುಟ್ಟದೆ ದೂರ ಕೂರುತ್ತಿದ್ದ ನಲವತ್ತೇಳರ ಹೆಂಗಸು ಈ ಸಲ ಒಂದು ದಿನವೂ ಕೂರಲಿಲ್ಲ.

"ನಿಂತೇ ಹೋಯ್ತು ಕಣೇ, ವಯಸ್ಸಾಯ್ತಲ್ಲ," ಎಂದು ನಕ್ಕರು. "ಮೂವತ್ತು ದಿನ ಸೇವೆ ತಪ್ಪದೆ ನಡೆದ್ರೆ ನಿನ್ನ ಮಡಿಲು ತುಂಬಲಿ ಅಂತ ಹರಕೆ ಹೊತ್ತಿದ್ದೀನಿ. ನೋಡ್ತಿರು."

ಆ 'ನೋಡ್ತಿರು' ಶ್ರೀಜಾಳಿಗೆ ಬೆದರಿಕೆಯಂತೆ ಕೇಳಿಸಿತು.

ಇಪ್ಪತ್ತನೆಯ ದಿನ ಯದುಗಿರಿಯ ಎಡಗಾಲು ಊದಿಕೊಂಡಿತ್ತು. ಮೀನಖಂಡ ಮುಟ್ಟಿದರೆ ಬಿಸಿ.

"ಡಾಕ್ಟ್ರಿಗೆ ತೋರಿಸೋಣ, ಅತ್ತೆ."

"ಒಲೆ ಮುಂದೆ ನಿಂತೂ ನಿಂತೂ ಹೀಗಾಗಿದೆ. ಇನ್ನು ಹತ್ತೇ ದಿನ, ಸುಮ್ನಿರು."

ಶ್ರೀಜಾ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು. ನಿಜ ಹೇಳಬೇಕೆಂದರೆ, ಅನುಭವಿಸಲಿ ಎಂಬ ಸಿಟ್ಟೂ ಇತ್ತು.

ಇಪ್ಪತ್ತಾರನೆಯ ದಿನ ಹುಗ್ಗಿಯ ಪಾತ್ರೆ ಇಳಿಸುತ್ತಿದ್ದ ಯದುಗಿರಿ ಎದೆ ಹಿಡಿದು ಕುಸಿದರು. ಉಸಿರು ಸಿಗುತ್ತಿರಲಿಲ್ಲ. ರಘುರಾಮ ಓಡಿಹೋಗಿ ಆಟೋ ತಂದು ಊರಿನ ಆಸ್ಪತ್ರೆಗೆ ಸೇರಿಸಿದ.

"ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರೋ ಹಾಗಿದೆ. ಜೀವಕ್ಕೆ ಅಪಾಯ, ತಕ್ಷಣ ಹಾಸನಕ್ಕೆ ಕರ್ಕೊಂಡು ಹೋಗಿ," ಎಂದರು ಡಾಕ್ಟರು. "ಹಾರ್ಮೋನ್ ಮಾತ್ರೆ ಏನಾದ್ರೂ ತಗೋತಿದ್ರಾ?"

"ಇವರಾ? ಛೆ, ಇಲ್ಲ ಡಾಕ್ಟ್ರೇ," ಎಂದಳು ಶ್ರೀಜಾ.

ಯದುಗಿರಿ ಆಕ್ಸಿಜನ್ ಮಾಸ್ಕ್ ಸರಿಸಿ ಸೊಸೆಯ ಕೈ ಹಿಡಿದುಕೊಂಡರು.

"ನಿನ್ನ ಬೀರುವಲ್ಲಿದ್ದದ್ದು ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಅಂದ್ಕೊಂಡೆ ಕಣೇ... ನಿನಗೋಸ್ಕರ ಹೊತ್ತ ಹರಕೆ ಕೆಡಬಾರದು ಅಂತ ದಿನಾ ಎರಡೆರಡು ನುಂಗಿದೆ."