ಮುಂಗಡ ಮಾತ್ರೆಗಳು

೨೦೬೮ನೆಯ ಇಸವಿ ಜೂನ್ ಮೂರರಂದು ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ಮನೆಗೆ ಮೆಕ್ಕೆಜೋಳದ ಬಿಸ್ಕತ್ತಿನ ತೊಂಬತ್ತು ಪೊಟ್ಟಣಗಳು ದೊರೆತವು. ಅವುಗಳೊಡನೆ ಎಂದಿನಂತೆ ಸಕ್ಕರೆ ಕಾಯಿಲೆಯ ಮಾತ್ರೆಗಳೂ ಬಂದವು. ನನಗೆ ಮೂವತ್ತು, ನನ್ನ ಹೆಂಡತಿಗೆ ಮೂವತ್ತು ಬರಬೇಕು, ಎಣಿಸಿದಾಗ ತೊಂಬತ್ತಿದ್ದವು.

“ಫಕ್ಕೀರೇಶ, ಮೂವತ್ತು ಹೆಚ್ಚಿಗಿ ಕೊಟ್ಟೀಯಲ್ಲೋ,” ಎಂದು ಅಂಗಡಿಯವನಿಗೆ ಹೇಳಿದೆ.

“ಹೆಚ್ಚಿಗಿ ಅಲ್ಲರೀ ಮಾಸ್ತರ್ರ. ಅವು ನಿಮ್ಮ ಮೊಮ್ಮಗಳು ತುಂಗಾನ್ವು.”

“ಆಕಿಗಿನ್ನೂ ಎಂಟು ವರ್ಷ. ರೋಗ ಎಲ್ಲೈತಿ?”

“ಬರ್ತೈತಿ ಬಿಡ್ರಿ. ಈ ತಿಂಗಳಿಂದ ಬಿಸ್ಕತ್ತು ಆಕಿಗೂ ದೊಡ್ಡವರಷ್ಟ ಮಂಜೂರಾಗೈತಿ. ಬಿಸ್ಕತ್ತು, ಗುಳಿಗಿ ಎರಡರ ಲೆಕ್ಕಾನೂ ಒಂದ ಕಚೇರ್ಯಾಗ ಹಾಕ್ತಾರ.”

ಆಕೆಯ ಪಾಲಿನ ಪೊಟ್ಟಣಗಳನ್ನೂ ಮಾತ್ರೆಗಳನ್ನೂ ಅವನ ಕಡೆಗೆ ಸರಿಸಿದೆ.

“ಒಯ್ಯದಿದ್ರ ಬಾಕಿ ಅಂತ ಬರೀತೀನ್ರಿ. ಮುಂದಿನ ತಿಂಗಳ ಅರವತ್ತು ಒಯ್ಯಬೇಕಾಗ್ತೈತಿ.”

“ಬರ್ಕೋ. ಆಕಿಗೆ ಬಿಳಿಜೋಳ ಕೊಡು.”

ಫಕ್ಕೀರೇಶ ನಕ್ಕನು. “ಸರ್ಕಾರದ ಸಹಾಯಧನ ಮೆಕ್ಕೆಜೋಳಕ್ಕಷ್ಟ ಐತಿ. ಒಂದ ಕೂಸಿನ ತಿಂಗಳ ಬಿಳಿಜೋಳಕ್ಕ ನಿಮ್ಮ ಅರ್ಧಾ ಪಿಂಚಣಿ ಹೋಗ್ತೈತಿ, ಗೊತ್ತೈತೇನ್ರಿ?”

“ಇನ್ನರ್ಧ ಉಳೀತಲ್ಲ,” ಎಂದೆ. “ತೂಗು.”